ಆ ಕೋಪ ಒಂದೇ ಹಗಲಿನದು

ಇನ್ನೂ ಬೆಳಕು ಹರಿದಿಲ್ಲ. ತಾಂಡವಪುರದಿಂದ ಹೆದ್ದಾರಿ ಹಿಡಿದು ರಾತ್ರಿಯೇ ನಡೆದು ಬಂದ ಜನದ ಜೊತೆ ನೀವೂ ನಂಜನಗೂಡಿನ ರಥಬೀದಿಯಲ್ಲಿ ನಿಂತಿದ್ದೀರಿ. ಕಪಿಲೆಯಲ್ಲಿ ಮುಳುಗಿ ಎದ್ದ ಒದ್ದೆ ಬಟ್ಟೆ ಬೆನ್ನಿಗೆ ಅಂಟಿದೆ. ಸುತ್ತ ಮುಡಿ ಕೊಟ್ಟು ಬಂದವರ ಬೋಳುತಲೆಗಳು, ಅವುಗಳ ಮೇಲೆ ಹಸಿ ಗಂಧ. ಕರ್ಪೂರ, ದವನ, ಮಾಗಿದ ಬಾಳೆಹಣ್ಣು, ಬೆವರು ಎಲ್ಲವೂ ಒಂದೇ ಉಸಿರಿನಲ್ಲಿ ಒಳಗೆ ಬರುತ್ತವೆ. ಮೀನಮಾಸದ ದೊಡ್ಡ ಜಾತ್ರೆ ಇದು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಐವರಿಗೂ ಒಂದೊಂದು ತೇರು. ನಿಮ್ಮ ಕೈಗೆ ಸಿಕ್ಕಿರುವುದು ಅವುಗಳಲ್ಲೇ ದೊಡ್ಡದಾದ ಗೌತಮ ರಥದ ಹಗ್ಗ.

ಎಳೆಯುತ್ತೀರಿ. ತೇರು ಅಲ್ಲಾಡುವುದಿಲ್ಲ. ಅಂಗೈ ಉರಿಯುತ್ತದೆ, ಹಿಂದಿನವರ ಮೊಣಕೈ ಪಕ್ಕೆಗೆ ತಿವಿಯುತ್ತದೆ. ಮತ್ತೆ ಒಂದು ಕೂಗು, ಸಾವಿರ ಗಂಟಲಿನ ಕೂಗು. ಮರ ನರಳುತ್ತದೆ. ನೆಲ ಕಂಪಿಸುತ್ತದೆ. ಆಮೇಲೆ ಒಮ್ಮೆಲೇ ಹಗ್ಗ ಸಡಿಲವಾಗುತ್ತದೆ. ತೇರು ಹೊರಟಿದೆ, ನಿಮ್ಮ ಕಡೆಗೇ ಬರುತ್ತಿದೆ, ಗಾಲಿಗೆ ಅಡ್ಡ ಕೊಡುವ ಮರದ ತುಂಡು ಹಿಡಿದವರು ಬಾಗಿ ಓಡುತ್ತಿದ್ದಾರೆ, ಯಾರದೋ ಚಪ್ಪಲಿ ಕಾಲಿಗೆ ತೊಡರುತ್ತದೆ. ಒಬ್ಬ ಅಜ್ಜಿ ನಿಮ್ಮ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ: "ಗಾಲಿ ತಾವ ನಿಂತ್ಕಬ್ಯಾಡ ಕನಪ್ಪ, ಅಕ್ಕಡೀಕೆ ಬಾ!"

ದೇವರು ಹತ್ತಿರ ಬಂದಾಗ ಮೈಗೆ ಮೊದಲು ಗೊತ್ತಾಗುವುದು ಭಯ. ಭಕ್ತಿ ಅದರ ಬೆನ್ನ ಹಿಂದೆ ಬರುತ್ತದೆ. ಆ ಭಯ ಇನ್ನೂ ನಿಮ್ಮ ಮೊಣಕಾಲಲ್ಲಿ ನಡುಗುತ್ತಿರುವಾಗಲೇ ನಿಮ್ಮನ್ನು ಇನ್ನೊಂದು ಜಾತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ಗ್ರೀಕರ ದೇವರುಗಳನ್ನು ಪಟ್ಟಿ ಮಾಡಿ ಕಲಿತವರಿಗೆ ಅವರು ಸಿಕ್ಕುವುದಿಲ್ಲ. ಇವನು ಸಿಡಿಲಿನವನು, ಇವಳು ಪ್ರೇಮದವಳು ಎಂದು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಅವರನ್ನು ಕಾಣಬೇಕಾದರೆ ಗಾಲಿಯ ಪಕ್ಕದಲ್ಲಿ ನಿಂತ ಮೈ ಬೇಕು.

ಕ್ರಿಸ್ತಪೂರ್ವ 440ರ ಆಸುಪಾಸು. ಊರು ಅಥೆನ್ಸ್. ಕಾಲ ಇದೇ, ಮಾರ್ಚ್ ಕಳೆದು ಏಪ್ರಿಲ್ ಕಾಲಿಡುವ ಹೊತ್ತು. ಚಳಿಗಾಲದ ಬಿರುಗಾಳಿ ನಿಂತು ಸಮುದ್ರದ ದಾರಿ ತೆರೆದಿದೆ, ದೂರದೂರದ ದ್ವೀಪಗಳಿಂದ ಜನ ಬಂದಿಳಿದಿದ್ದಾರೆ. ನೀವು ಅಕ್ರೋಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಮರದ ಹಲಗೆಯ ಮೇಲೆ ಕೂತಿದ್ದೀರಿ. ಕೆಳಗೆ ಬಯಲು ರಂಗ, ನಡುವೆ ಬಲಿಪೀಠ. ಬಲಿಯ ರಕ್ತದ ವಾಸನೆ, ಸುಟ್ಟ ಕೊಬ್ಬಿನ ಹೊಗೆ, ಚೆಲ್ಲಿದ ದ್ರಾಕ್ಷಾರಸದ ಹುಳಿ. ಉತ್ಸವಮೂರ್ತಿಯನ್ನು ಮೆರವಣಿಗೆಯಲ್ಲಿ ತಂದು ಇಲ್ಲಿ ಕೂರಿಸಿದ್ದಾರೆ. ಅವನ ಎದುರಿನಲ್ಲೇ ನಾಟಕ ನಡೆಯಬೇಕು, ಏಕೆಂದರೆ ನಾಟಕವೇ ಅವನ ಸೇವೆ.

ಅವನು ಡಯೊನೈಸಸ್. ಅವನು ಹೊಟ್ಟೆಯಲ್ಲಿದ್ದಾಗಲೇ ತಾಯಿ ಸೆಮಿಲಿ ಸುಟ್ಟು ಬೂದಿಯಾದಳು. ತನ್ನ ಪ್ರಿಯಕರ ಜ್ಯೂಸ್ ದೇವರ ನಿಜರೂಪವನ್ನು ನೋಡಬೇಕೆಂದು ಹಟ ಹಿಡಿದಳು. ದೇವರಾಜ ಸಿಡಿಲಾಗಿ ಕಾಣಿಸಿಕೊಂಡ. ಉಳಿದ ಭ್ರೂಣವನ್ನು ಅವನು ತನ್ನ ತೊಡೆಯೊಳಗಿಟ್ಟು ಹೊಲಿದುಕೊಂಡು ಹೆತ್ತ. ಹಾಗೆ ಎರಡು ಸಲ ಹುಟ್ಟಿದ ದೇವರು ದ್ರಾಕ್ಷಿಬಳ್ಳಿಗೂ ಅಮಲಿಗೂ ಕುಣಿತಕ್ಕೂ ಒಡೆಯ. ಚರ್ಮ ಹೊದ್ದು, ಸರ್ಪ ಸುತ್ತಿಕೊಂಡು, ಬೆಟ್ಟದಲ್ಲಿ ಕೂದಲು ಕೆದರಿ ಕುಣಿಯುವ ಹೆಂಗಸರು ಅವನ ಗಣ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಇಲ್ಲಿಯ ಬೆಟ್ಟದ ಜನ ಡಯೊನೈಸಸನನ್ನು ಪೂಜಿಸುತ್ತಾರೆಂದು ಬರೆದ. ಅವನು ಕಂಡದ್ದು ನಮ್ಮ ಶಿವನನ್ನೇ ಎಂದು ಅನೇಕ ವಿದ್ವಾಂಸರು ನಂಬಿದ್ದಾರೆ. ತಾಂಡವಪುರದಿಂದ ಬಂದ ನಿಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜನ ಸುಮ್ಮನಾಗುತ್ತಾರೆ. ಸೊಫೋಕ್ಲೀಸನ ನಾಟಕ ಶುರುವಾಗಿದೆ.

ಈಗ ನಿಮ್ಮ ಕೆಳಗಿನ ಹಲಗೆ ಇಲ್ಲ. ನೀವು ಟ್ರಾಯ್ ಪಟ್ಟಣದ ಹೊರಗೆ, ಗ್ರೀಕರ ಪಾಳೆಯದ ಕೊನೆಯಲ್ಲಿ, ಮರಳಿನ ಮೇಲೆ ಬಾಗಿ ಹೆಜ್ಜೆಗುರುತು ಹುಡುಕುತ್ತಿದ್ದೀರಿ. ನಸುಕು. ಸಮುದ್ರದ ಉಪ್ಪುಗಾಳಿ. ರಾತ್ರಿ ಯಾರೋ ಪಾಳೆಯದ ದನಕುರಿಗಳನ್ನೆಲ್ಲ ಕಾವಲಿನವರ ಸಮೇತ ಕಡಿದುಹಾಕಿದ್ದಾರೆ. ರಕ್ತದ ಹೆಜ್ಜೆಗಳು ಒಂದು ಗುಡಾರದ ಬಾಗಿಲಿಗೆ ಹೋಗಿ ನಿಂತಿವೆ. ನಿಮ್ಮ ಹೆಸರು ಒಡಿಸ್ಯೂಸ್. ಆ ಗುಡಾರದೊಳಗೆ ಇರುವವನು ಏಜಾಕ್ಸ್, ಅಕಿಲೀಸ್ ಸತ್ತ ಮೇಲೆ ಗ್ರೀಕರಲ್ಲಿ ಅವನ ಸಮಾನ ವೀರನಿಲ್ಲ. ಅಕಿಲೀಸನ ಆಯುಧಗಳು ತನಗೇ ಸಲ್ಲಬೇಕೆಂದು ಅವನು ಕಾದಿದ್ದ. ನಾಯಕರು ಅವನ್ನು ನಿಮಗೆ ಕೊಟ್ಟರು.

"ಒಡಿಸ್ಯೂಸ್" ಎಂಬ ದನಿ ಕೇಳುತ್ತದೆ.

ಬೆನ್ನುಹುರಿ ತಣ್ಣಗಾಗುತ್ತದೆ. ನೋಡಿದರೆ ಯಾರೂ ಇಲ್ಲ. ಆದರೆ ಆ ದನಿಯನ್ನು ನೀವು ಹತ್ತು ವರ್ಷದ ಯುದ್ಧದುದ್ದಕ್ಕೂ ಕೇಳಿದವರು. ಅವಳು ಅಥೀನಾ. ಜ್ಯೂಸನ ತಲೆ ಸೀಳಿ ಶಸ್ತ್ರ ಹಿಡಿದೇ ಹೊರಬಂದ ಮಗಳು, ತಾಯಗರ್ಭದಿಂದ ಹುಟ್ಟಿ ಬಂದವಳಲ್ಲ. ಬುದ್ಧಿ, ಯುದ್ಧತಂತ್ರ, ನೇಯ್ಗೆ ಎಲ್ಲಕ್ಕೂ ಅವಳೇ ಅಧಿದೇವತೆ, ಈ ಅಥೆನ್ಸ್ ಅವಳದೇ ಊರು. ಈ ಯುದ್ಧ ಹತ್ತಿದ್ದರಲ್ಲೂ ಅವಳ ಪಾಲಿದೆ. ಒಂದು ಮದುವೆಗೆ ಕರೆಯದೇ ಬಿಟ್ಟ ಕಲಹದ ದೇವತೆ ಎರಿಸ್, ಅತಿ ಸುಂದರಿಗೆ ಎಂದು ಬರೆದ ಬಂಗಾರದ ಸೇಬನ್ನು ಚಪ್ಪರದೊಳಗೆ ಎಸೆದಳು. ಜ್ಯೂಸನ ಹೆಂಡತಿ ಹೀರಾ, ಮಗಳು ಅಥೀನಾ, ಪ್ರೇಮದೇವತೆ ಅಫ್ರೊಡೈಟಿ ಮೂವರೂ ಅದಕ್ಕೆ ಕೈಚಾಚಿದರು. ತೀರ್ಪು ಹೇಳಬೇಕಾದವನು ಟ್ರಾಯ್‌ನ ರಾಜಕುಮಾರ ಪ್ಯಾರಿಸ್. ಅಫ್ರೊಡೈಟಿ ಅವನಿಗೆ ಲೋಕದ ಚೆಲುವೆ ಹೆಲೆನಳನ್ನು ಲಂಚವಾಗಿ ತೋರಿಸಿದಳು. ಹೆಲೆನ್ ಆಗಲೇ ಇನ್ನೊಬ್ಬನ ಹೆಂಡತಿ. ಅಷ್ಟು ಸಾಕಾಯಿತು, ಒಂದು ಪಟ್ಟಣ ಉರಿದು ಬೂದಿಯಾಗಲು.

"ಏಜಾಕ್ಸ್ ನಿನ್ನನ್ನು ಕೊಲ್ಲಲು ಹೊರಟಿದ್ದ" ಎಂದು ಅಥೀನಾ ಹೇಳುತ್ತಾಳೆ. ನಿನ್ನನ್ನೂ, ಸೇನಾಪತಿ ಅಗಮೆಮ್ನನನ್ನೂ, ಅವನ ತಮ್ಮನನ್ನೂ. ಬಾಗಿಲವರೆಗೆ ಬಂದಿದ್ದ. ನಾನು ಅವನ ಕಣ್ಣಿಗೆ ಭ್ರಮೆ ಕವಿಸಿದೆ, ಮಂದೆಯ ಕಡೆ ತಿರುಗಿಸಿದೆ. ಒಳಗೆ ಒಂದು ಟಗರನ್ನು ಕಂಬಕ್ಕೆ ಕಟ್ಟಿ, ನೀನೇ ಎಂದುಕೊಂಡು ಚಾಟಿಯಲ್ಲಿ ಹೊಡೆಯುತ್ತಿದ್ದಾನೆ. ಬಾ, ಕರೆದು ತೋರಿಸುತ್ತೇನೆ.

ಬೇಡ ಎನ್ನುತ್ತೀರಿ. ನಾಲಿಗೆ ಒಣಗಿದೆ. ಅವಳು ಕರೆದೇಬಿಡುತ್ತಾಳೆ.

ಗುಡಾರದ ಬಾಗಿಲು ಸರಿಯುತ್ತದೆ. ಏಜಾಕ್ಸ್ ಹೊರಗೆ ಬರುತ್ತಾನೆ, ಮೊಣಕೈವರೆಗೆ ರಕ್ತ, ಕೈಯಲ್ಲಿ ಚಾಟಿ, ಮುಖದ ತುಂಬ ನಗು. ನಿಮಗೂ ಅವನಿಗೂ ನಡುವೆ ಕೆಲವೇ ಹೆಜ್ಜೆ. ಅವನು ನಿಮ್ಮ ಕಡೆಗೇ ನೋಡುತ್ತಾನೆ. ಉಸಿರು ಬಿಗಿಹಿಡಿಯುತ್ತೀರಿ. ಅವನಿಗೆ ನೀವು ಕಾಣುವುದಿಲ್ಲ. ದೇವಿ ಅವನನ್ನು ಮಾತಾಡಿಸುತ್ತಾಳೆ, ಅವನು ಮಗುವಿನಂತೆ ತನ್ನ ಗೆಲುವನ್ನು ಬಣ್ಣಿಸಿ ಅವಳಿಗೆ ಕೃತಜ್ಞತೆ ಹೇಳುತ್ತಾನೆ. ಹಾಳುಮಾಡಿದವಳಿಗೇ.

ಈಗ ನಗು ಎನ್ನುತ್ತಾಳೆ ಅಥೀನಾ. ಶತ್ರು ಬಿದ್ದಾಗ ನಗುವುದಕ್ಕಿಂತ ಸವಿ ಏನಿದೆ?

ಇಲ್ಲಿ ಒಂದು ಆಯ್ಕೆ ಇದೆ, ಅದರ ಭಾರ ಪೂರ್ತಿ ನಿಮ್ಮ ಎದೆಯ ಮೇಲಿದೆ. ನಗು ಎಂದವಳು ದೇವಿ, ಹತ್ತು ವರ್ಷ ನಿಮ್ಮನ್ನು ಕಾದವಳು, ಮುಂದೆ ಮನೆ ಸೇರಲು ಅವಳ ಕೃಪೆ ಬೇಕು. ಎದುರಿಗಿರುವವನು ನಿಮ್ಮ ಕತ್ತು ಕತ್ತರಿಸಲು ಬಂದಿದ್ದವನು. ನಗುವುದು ಸುಲಭ, ನ್ಯಾಯವೂ ಹೌದು ಎನ್ನಿಸುತ್ತದೆ. ನೀವು ನಗುವುದಿಲ್ಲ. ಈ ಗತಿ ನನಗೂ ಬರಬಹುದಿತ್ತು ಎಂದು ಹೊಟ್ಟೆಯೊಳಗೆ ಏನೋ ಕಿವುಚುತ್ತದೆ. ಗ್ರೀಕ್ ಪುರಾಣದಲ್ಲಿ ನಾನು ಅತಿ ಎತ್ತರದ ಜಾಗ ಎಂದು ಎಣಿಸುವುದು ಇದನ್ನೇ, ಒಲಿಂಪಸ್ ಬೆಟ್ಟದ 2,917 ಮೀಟರ್ ಶಿಖರವನ್ನಲ್ಲ. ಮರಳಿನ ಮೇಲೆ ನಿಂತ ಒಬ್ಬ ಮನುಷ್ಯ ದೇವಿಗಿಂತ ದೊಡ್ಡವನಾಗುವ ಈ ಗಳಿಗೆಯನ್ನು.

ದೇವಿಗೆ ಇಷ್ಟೊಂದು ಸಿಟ್ಟೇಕೆ? ಏಜಾಕ್ಸ್ ಆಡಿದ ಎರಡು ಮಾತು. ದೇವರ ಬಲವಿದ್ದರೆ ಅಳ್ಳೆದೆಯವನೂ ಗೆಲ್ಲುತ್ತಾನೆ, ನಾನು ದೇವರಿಲ್ಲದೆಯೇ ಗೆಲ್ಲುತ್ತೇನೆ ಎಂದಿದ್ದ, ಮನೆಯಿಂದ ಹೊರಡುವಾಗ ಅಪ್ಪನಿಗೆ. ಯುದ್ಧದಲ್ಲಿ ಬೆನ್ನಿಗೆ ನಿಂತ ಅಥೀನಾಗೆ, ನೀನು ಬೇರೆಯವರ ಪಕ್ಕ ನಿಲ್ಲು, ನಾನಿದ್ದ ಕಡೆ ಸಾಲು ಮುರಿಯುವುದಿಲ್ಲ ಎಂದಿದ್ದ. ಅವನ ಪಾಪ ಅಷ್ಟೇ. ಕಳವಿಲ್ಲ, ಹಾದರವಿಲ್ಲ. ಗ್ರೀಕ್ ದೇವರು ಮನುಷ್ಯನಿಂದ ಮೊದಲು ಕೇಳುವುದು ಒಳ್ಳೆಯತನವನ್ನಲ್ಲ, ತನ್ನ ಅಳತೆಯೊಳಗೆ ಇರುವುದನ್ನು. ಮೀರಿದೆಯೋ, ನಿನ್ನ ಬುದ್ಧಿಯನ್ನೇ ನಿನ್ನ ಮೇಲೆ ತಿರುಗಿಸುತ್ತಾರೆ.

ಈಗ ಗುಡಾರದ ಒಳಗೆ ಬನ್ನಿ. ಇದು ಕಷ್ಟದ ಜಾಗ.

ಭ್ರಮೆ ಇಳಿದಿದೆ. ಏಜಾಕ್ಸ್ ಸೀಳಿದ ಕುರಿಗಳ ನಡುವೆ ಕೂತಿದ್ದಾನೆ. ನೊಣಗಳ ಮೊರೆತ. ಕಾಲಡಿಯಲ್ಲಿ ಮರಳು ಕೆಸರಾಗಿದೆ. ಉಣ್ಣೆಗೆ ಮೆತ್ತಿ ಗಟ್ಟಿಯಾಗುತ್ತಿರುವ ರಕ್ತದ ಕಬ್ಬಿಣದಂಥ ವಾಸನೆ ನಿಮ್ಮ ಗಂಟಲಿಗೆ ಅಂಟುತ್ತದೆ. ತಲೆಗೂದಲು ಕಿತ್ತುಕೊಳ್ಳುತ್ತಾನೆ, ಗೂಳಿಯಂತೆ ಒರಲುತ್ತಾನೆ. ಯುದ್ಧದಲ್ಲಿ ಸೆರೆಸಿಕ್ಕು ಅವನಿಗೆ ಹೆಂಡತಿಯಾದ ಟೆಕ್ಮೆಸ್ಸಾ ಕಾಲ ಬಳಿ ಕೂತು ಬೇಡಿಕೊಳ್ಳುತ್ತಾಳೆ. ನೀನಿಲ್ಲದ ದಿನ ನಾನು ಯಾರ ದಾಸಿ, ಈ ಮಗು ಯಾರ ಪಾಲು? ಅವನು ಮಗನನ್ನು ತರಿಸುತ್ತಾನೆ. ರಕ್ತದ ಕೈಯಲ್ಲೇ ಎತ್ತಿಕೊಳ್ಳುತ್ತಾನೆ. ತನ್ನ ದೊಡ್ಡ ಗುರಾಣಿಯನ್ನು ಮಗುವಿಗೆಂದು ಬಿಟ್ಟುಕೊಡುತ್ತಾನೆ. ಆಮೇಲೆ ಸಮುದ್ರದ ನೀರಿನಲ್ಲಿ ತೊಳೆದುಕೊಂಡು ಬರುತ್ತೇನೆ, ಕತ್ತಿಯನ್ನು ಹೂತುಬಿಡುತ್ತೇನೆ, ದೇವಿಯ ಕೋಪ ಇಳಿಯಲಿ ಎಂದು ಶಾಂತವಾಗಿ ಹೇಳಿ ಹೊರಡುತ್ತಾನೆ. ಎಲ್ಲರೂ ನಂಬುತ್ತಾರೆ. ಸಂತೋಷದಿಂದ ಕುಣಿಯುತ್ತಾರೆ.

ಆಗ ದೂತ ಓಡಿ ಬರುತ್ತಾನೆ. ಕಣಿ ಹೇಳುವ ಕಾಲ್ಕಸನ ಮಾತು ತಂದಿದ್ದಾನೆ: ಅಥೀನಾಳ ಕೋಪ ಇವತ್ತು ಒಂದು ಹಗಲು ಮಾತ್ರ. ಇವತ್ತು ಅವನನ್ನು ಗುಡಾರದಿಂದ ಹೊರಗೆ ಬಿಡಬೇಡಿ. ಸೂರ್ಯ ಮುಳುಗಿದರೆ ಬದುಕಿದ.

ಎಲ್ಲಿದ್ದಾನೆ? ಹೋದ. ಯಾವ ಕಡೆ? ಓಡಿ! ಕೆಲವರು ಮೂಡಲ ಕಡೆ, ಕೆಲವರು ಪಡುವಲ ಕಡೆ. ಟೆಕ್ಮೆಸ್ಸಾ ಎಡವುತ್ತಾಳೆ, ಏಳುತ್ತಾಳೆ. ನೀವೂ ಓಡುತ್ತೀರಿ, ಮರಳು ಕಾಲನ್ನು ಹಿಡಿದೆಳೆಯುತ್ತದೆ, ಎದೆ ಒಡೆಯುತ್ತದೆ, ಒಂದು ಹಗಲು, ಒಂದೇ ಹಗಲು, ಅರ್ಧ ಆಗಲೇ ಕಳೆದಿದೆ.

ಕಡಲ ದಂಡೆಯ ಪೊದೆಗಳ ಮರೆಯಲ್ಲಿ ಅವನು ಕತ್ತಿಯ ಹಿಡಿಯನ್ನು ನೆಲದಲ್ಲಿ ಹೂತಿದ್ದಾನೆ, ಅಲಗು ಮೇಲಕ್ಕೆ. ಶತ್ರು ಹೆಕ್ಟರ್ ಮೆಚ್ಚಿ ಕೊಟ್ಟಿದ್ದ ಕತ್ತಿ ಅದು. ಸುತ್ತಲಿನ ಮಣ್ಣನ್ನು ಕಾಲಿಂದ ತುಳಿದು ಗಟ್ಟಿಮಾಡುತ್ತಾನೆ. ಸೂರ್ಯನಿಗೆ, ಮನೆಯೂರು ಸಲಮಿಸ್‌ಗೆ, ಟ್ರಾಯ್‌ನ ನದಿಗಳಿಗೆ ವಿದಾಯ ಹೇಳುತ್ತಾನೆ. ಯಾರೂ ತಲುಪಿಲ್ಲ. ಬೀಳುತ್ತಾನೆ.

ಟೆಕ್ಮೆಸ್ಸಾ ತನ್ನ ಹೊದಿಕೆ ತೆಗೆದು ಅವನ ಮೇಲೆ ಹಾಸುತ್ತಾಳೆ. ಹೆಣವನ್ನು ಹೂಳಬೇಡಿ, ಹದ್ದಿಗೆ ಬಿಡಿ ಎಂದು ಸೇನಾಪತಿಗಳು ಅಬ್ಬರಿಸುತ್ತಾರೆ. ಅದನ್ನು ತಡೆಯುವವನು ಒಡಿಸ್ಯೂಸ್. ಸತ್ತವನು ವೀರ, ಹೂಳಲೇಬೇಕು ಎಂದು ವಾದಿಸಿ ಗೆಲ್ಲುತ್ತಾನೆ. ಅಥೀನಾ ಆಮೇಲೆ ರಂಗಕ್ಕೆ ಬರುವುದೇ ಇಲ್ಲ.

ಹಲಗೆಯ ಮೇಲೆ ಕೂತ ನಿಮಗೆ ಈಗ ಪ್ರಶ್ನೆ ಹುಟ್ಟಬೇಕು. ಇವಳ ಮೇಲೆ ಯಾರೂ ಇಲ್ಲವೇ, ಕೇಳುವವರು? ಇದ್ದಾರೆ, ಜ್ಯೂಸ್. ಆದರೆ ಆ ಮನೆತನದ ಕಥೆ ಕೇಳಿ. ಅವನ ಅಪ್ಪ ಕ್ರೋನಸ್ ತನ್ನ ಅಪ್ಪ ಆಕಾಶವನ್ನೇ ಕುಡುಗೋಲಿನಲ್ಲಿ ಕತ್ತರಿಸಿ ರಾಜನಾದವನು. ಮಕ್ಕಳಿಂದ ತನಗೂ ಅದೇ ಗತಿ ಎಂದು ಹೆದರಿ, ಹುಟ್ಟಿದ ಒಂದೊಂದು ಕೂಸನ್ನೂ ನುಂಗುತ್ತ ಹೋದ. ಆರನೆಯದಾಗಿ ಜ್ಯೂಸ್ ಹುಟ್ಟಿದಾಗ ತಾಯಿ ರಿಯಾ ಬಟ್ಟೆ ಸುತ್ತಿದ ಕಲ್ಲೊಂದನ್ನು ಗಂಡನ ಕೈಗಿಟ್ಟಳು, ನುಂಗಿದ. ಕ್ರೀಟ್ ದ್ವೀಪದಲ್ಲಿ ಗುಟ್ಟಾಗಿ ಬೆಳೆದ ಮಗ ಬಂದು ಅಣ್ಣಂದಿರನ್ನೂ ಅಕ್ಕಂದಿರನ್ನೂ ಕಕ್ಕಿಸಿದ. ದೇವಕಿಯ ಎಂಟನೆಯ ಮಗುವನ್ನು ಬಲ್ಲ ನಮಗೆ ಈ ದಾರಿ ಹೊಸದಲ್ಲ. ಆಮೇಲೆ ಮೂವರು ಗಂಡುಮಕ್ಕಳು ಚೀಟಿ ಎತ್ತಿ ಲೋಕ ಹಂಚಿಕೊಂಡರು: ಜ್ಯೂಸನಿಗೆ ಆಕಾಶ, ಪೊಸೈಡನನಿಗೆ ಸಮುದ್ರ, ಹೇಡೀಸನಿಗೆ ಸತ್ತವರ ಕತ್ತಲು. ಇವರೆಲ್ಲರ ಮೇಲೂ ವಿಧಿಯ ಮೂವರು ಹೆಂಗಸರಿದ್ದಾರೆ. ಒಬ್ಬಳು ನೂಲುತ್ತಾಳೆ, ಒಬ್ಬಳು ಅಳೆಯುತ್ತಾಳೆ, ಒಬ್ಬಳು ಕತ್ತರಿಸುತ್ತಾಳೆ. ಟ್ರಾಯ್ ಯುದ್ಧದಲ್ಲಿ ಜ್ಯೂಸ್ ತನ್ನ ಸ್ವಂತ ಮಗ ಸಾರ್ಪಿಡಾನ್ ಸಾಯುವುದನ್ನು ರಕ್ತದ ಹನಿ ಸುರಿಸಿ ನೋಡಿದ, ಉಳಿಸಲಿಲ್ಲ.

ಇನ್ನೊಂದು ಮನೆಗೆ ಹೋಗೋಣ. ನೆಲದ ಮೇಲೆ ಆಳೆತ್ತರದ ಮಣ್ಣಿನ ಗುಡಾಣ, ಮೇಲೆ ಮುಚ್ಚಳ. ನಿಮ್ಮ ಕೈ ಮುಚ್ಚಳದ ಮೇಲಿದೆ. ನೀವು ಪಂಡೋರಾ. ಪ್ರೊಮಿಥಿಯಸ್ ಎಂಬವನು ಮನುಷ್ಯರ ಮೇಲಿನ ಮರುಕದಿಂದ ದೇವಲೋಕದ ಬೆಂಕಿಯನ್ನು ಕದ್ದು ತಂದುಕೊಟ್ಟ. ಅದಕ್ಕೆ ಸೇಡಾಗಿ ಜ್ಯೂಸ್ ನಿಮ್ಮನ್ನು ಮಣ್ಣಿನಿಂದ ಮಾಡಿಸಿ, ಸಿಂಗರಿಸಿ, ಪ್ರೊಮಿಥಿಯಸ್ಸನ ತಮ್ಮನಿಗೆ ಹೆಂಡತಿಯಾಗಿ ಕಳಿಸಿದ್ದಾನೆ. ಗುಡಾಣದೊಳಗೆ ಏನೋ ಗುಂಯ್ಗುಡುತ್ತಿದೆ. ಬೆರಳು ಅಂಚಿನಡಿ ಹೋಗುತ್ತದೆ. ತೆಗೆಯುತ್ತೀರಿ. ರೋಗ, ಮುಪ್ಪು, ದುಡಿತದ ನೋವು ಎಲ್ಲವೂ ಮುಖಕ್ಕೆ ರಾಚಿ ಹೊರಗೆ ಹಾರುತ್ತವೆ, ಮುಚ್ಚಿ, ಮುಚ್ಚಿ, ಮುಚ್ಚುತ್ತೀರಿ, ತಡವಾಯಿತು. ತಳದಲ್ಲಿ ಉಳಿದದ್ದು ಆಸೆಯೊಂದೇ.

ಅಷ್ಟು ನಂಜು ಲೋಕದ ಮೇಲೆ ಚೆಲ್ಲಿದಾಗ ಒಲಿಂಪಸ್ಸಿನಿಂದ ಯಾರೂ ಇಳಿದು ಬರುವುದಿಲ್ಲ. ನೀವು ಬಂದ ಊರಿನ ಕಥೆ ಬೇರೆ. ಸಮುದ್ರ ಕಡೆದಾಗ ಹಾಲಾಹಲ ಎದ್ದಿತು, ದೇವದಾನವರಿಬ್ಬರೂ ಓಡಿದರು, ಒಬ್ಬ ಅದನ್ನು ಬೊಗಸೆಯಲ್ಲಿ ತೆಗೆದುಕೊಂಡು ಗಂಟಲಲ್ಲಿ ನಿಲ್ಲಿಸಿಕೊಂಡ. ಕಪಿಲೆಯ ದಡದಲ್ಲಿ ಜನ ರೋಗ ಹೇಳಿಕೊಳ್ಳುವುದು ಅವನ ಹತ್ತಿರ. ಗ್ರೀಕರಲ್ಲಿ ಅವನಿಗೆ ಹತ್ತಿರ ಬರುವವನು ಪ್ರೊಮಿಥಿಯಸ್ ಒಬ್ಬನೇ, ಮನುಷ್ಯರಿಗಾಗಿ ನೋವುಂಡವನು. ಅವನಿಗೆ ಗುಡಿ ಕಟ್ಟಿ ದೇವರಾಜನಾಗಿ ಕೂರಿಸಲಿಲ್ಲ. ಕಾಕಸಸ್ ಬಂಡೆಗೆ ಸರಪಳಿಯಲ್ಲಿ ಬಿಗಿದರು. ಹಗಲು ಹದ್ದು ಬಂದು ಅವನ ಪಿತ್ತಜನಕಾಂಗವನ್ನು ತಿನ್ನುತ್ತದೆ, ರಾತ್ರಿ ಅದು ಮತ್ತೆ ಬೆಳೆಯುತ್ತದೆ, ಬೆಳಗಾದರೆ ರೆಕ್ಕೆಯ ಸದ್ದು. ವೀರ ಹೆರಾಕ್ಲೀಸ್ ಬಂದು ಹದ್ದನ್ನು ಹೊಡೆಯುವವರೆಗೆ ಹೀಗೇ.

ನಂಜುಂಡನ ದೇಶದವರು ಇಂಥ ದೇವರುಗಳನ್ನು ಏಕೆ ಕಾಣಬೇಕು? ಇದಕ್ಕೆ ನಮ್ಮ ಸೀಮೆಯಲ್ಲೇ ಒಬ್ಬರು ಕೆಲಸ ಮಾಡಿ ಉತ್ತರ ಕೊಟ್ಟಿದ್ದಾರೆ. ತಾಂಡವಪುರದಿಂದ ರೈಲು ಹತ್ತಿದರೆ ಬೇಗನೆ ಮುಟ್ಟುವ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು, ಕನ್ನಡಿಗರು 'ಶ್ರೀ' ಎನ್ನುವವರು. ಸೊಫೋಕ್ಲೀಸನ ಈ ನಾಟಕವನ್ನು ಕನ್ನಡಕ್ಕೆ ತರುವಾಗ ಏಜಾಕ್ಸನ ಜಾಗದಲ್ಲಿ ಅವರು ಯಾರನ್ನು ನಿಲ್ಲಿಸಬೇಕು? ಆ ಆಯ್ಕೆಯ ಎದುರು ನೀವೂ ಒಂದು ಗಳಿಗೆ ಕೂತು ನೋಡಿ. ಪಾಳೆಯ ಮಲಗಿರುವಾಗ ನುಗ್ಗಿದವನು, ತನ್ನ ಪಾಲಿನ ಗೌರವ ಕಳೆದುಕೊಂಡು ಉರಿದವನು, ಕೈ ರಕ್ತವಾದ ಮೇಲೆ ಬದುಕುವುದಕ್ಕೆ ನೆಲವಿಲ್ಲದವನು. ಅಂಥವನು ನಮ್ಮಲ್ಲೂ ಇದ್ದಾನೆ. ಕುರುಕ್ಷೇತ್ರದ ಕೊನೆಯ ರಾತ್ರಿ, ಕಾಗೆಗಳನ್ನು ಕೊಲ್ಲುವ ಗೂಬೆಯನ್ನು ನೋಡಿ ಎದ್ದು, ಪಾಂಡವರ ಪಾಳೆಯದ ಬಾಗಿಲಲ್ಲಿ ಶಿವನಿಗೆ ತನ್ನನ್ನೇ ಅರ್ಪಿಸಿ, ಅವನಿಂದ ಕತ್ತಿ ಪಡೆದು ಒಳಹೊಕ್ಕ ಅಶ್ವತ್ಥಾಮ. ನಂಜು ನುಂಗಿದ ದೇವರೇ ಆ ರಾತ್ರಿ ಕತ್ತಿ ಕೊಟ್ಟ. ನಮ್ಮ ದೇವರಲ್ಲೂ ಆ ಮುಖವಿದೆ, ನಾವು ಅದರ ಕಡೆ ಹೆಚ್ಚು ನೋಡುವುದಿಲ್ಲ. ಗ್ರೀಕರು ಅದೊಂದನ್ನೇ ಕಣ್ಣು ಮಿಟುಕಿಸದೆ ನೋಡಿದರು.

ಶ್ರೀಯವರ 'ಅಶ್ವತ್ಥಾಮನ್' 1929ರಲ್ಲಿ ಬಂತು. ಚಿರಂಜೀವಿಯೆಂದು ಎಲ್ಲರೂ ಬಲ್ಲ ಅಶ್ವತ್ಥಾಮ ಅದರಲ್ಲಿ ಏಜಾಕ್ಸನ ಹಾಗೇ ಸಾಯುತ್ತಾನೆ. ಪುರಾಣವನ್ನು ಹಾಗೆ ಮುರಿಯಬಹುದೇ ಎಂದು ಆಗ ತಕರಾರು ಎದ್ದಿತು, ಈಗಲೂ ಏಳುತ್ತದೆ. ನನ್ನ ತೀರ್ಪು ಶ್ರೀಯವರ ಕಡೆ. ಮೂರು ಸಾವಿರ ವರ್ಷ ಹುಣ್ಣಿನೊಡನೆ ಅಲೆಯುವ ಶಾಪಕ್ಕಿಂತ, ತಾನೇ ಮುಗಿಸುವ ಒಂದು ಹಗಲನ್ನು ಅವರು ಅವನಿಗೆ ಕೊಟ್ಟರು. ಗ್ರೀಕ್ ದೇವರ ಕ್ರೌರ್ಯದೊಳಗಿಂದ ಮನುಷ್ಯನ ಘನತೆ ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಕನ್ನಡದ ಬಾಯಲ್ಲಿ ಆಡಿ ತೋರಿಸಿದರು. 1935ರಲ್ಲಿ ಇನ್ನೊಬ್ಬ ಗ್ರೀಕ್ ನಾಟಕಕಾರ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ತಂದರು.

ಈ ಎರಡೂ ಪುಸ್ತಕ ತೆಳ್ಳನೆಯವು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ, ಇಲ್ಲವೆಂದರೆ ತರಿಸಿಕೊಡಿ ಎನ್ನಿ. ಮೊದಲು 'ಅಶ್ವತ್ಥಾಮನ್' ತೆಗೆದುಕೊಳ್ಳಿ, ಮನೆಯವರನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಭಾಷೆ ಹಳಗನ್ನಡದ ಬಿಗಿಯಲ್ಲಿದೆ, ಮೊದಲ ಪುಟಗಳಲ್ಲಿ ತಡವರಿಸುತ್ತೀರಿ, ಬಿಡಬೇಡಿ.